ಓಪನ್ ಮೈಕ್‌ನಿಂದ ಒಂದು ಗಂಟೆಯ ಪ್ರದರ್ಶನದವರೆಗೆ: ಕನ್ನಡದಲ್ಲಿ ನಗಿಸುವವರಿಗೆ ವೇದಿಕೆ ಎಲ್ಲಿದೆ?

ಸ್ಟ್ಯಾಂಡ್‌ಅಪ್ ಕಾಮಿಡಿಗೆ ಬರಬೇಕೆಂದಿರುವ ಹುಡುಗ ಹುಡುಗಿಯರಿಂದ ನನಗೆ ಆಗಾಗ ಸಂದೇಶಗಳು ಬರುತ್ತವೆ. ತಾವು ಬರೆದ ನಾಲ್ಕು ಸಾಲನ್ನು ಕಳಿಸಿ, ಇದಕ್ಕೆ ಜನ ನಗುತ್ತಾರೆಯೇ ಎಂದು ಕೇಳುವವರೇ ಹೆಚ್ಚು. ಅದಕ್ಕೆ ಉತ್ತರ ಹೇಳುವ ಬದಲು ನಾನು ಅವರನ್ನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ವಾರದಲ್ಲಿ ಎಷ್ಟು ನಿಮಿಷ ನೀವು ಅಪರಿಚಿತರ ಮುಂದೆ ಮೈಕ್ ಹಿಡಿದು ನಿಲ್ಲಬಲ್ಲಿರಿ? ಕತೆ ಬರೆಯುವವರು ಕೋಣೆಯೊಳಗೆ ಒಬ್ಬರೇ ಕುಳಿತು ಬರೆದು ಹರಿದು ಮತ್ತೆ ಬರೆಯಬಹುದು, ಹಾಡುವವರು ಮನೆಯಲ್ಲೇ ಬೆಳಗಿನ ಜಾವ ಸಾಧನೆ ಮಾಡಬಹುದು; ಆದರೆ ನಗಿಸುವ ಕೆಲಸದ ಅಭ್ಯಾಸಕ್ಕೇ ಎದುರಿಗೆ ಜನ ಬೇಕು. ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಒಂದು ಜೋಕು ಎಲ್ಲಿ ಸಡಿಲವಾಗಿದೆ ಎಂಬುದು ತಿಳಿಯುವುದಿಲ್ಲ. ಹಾಗಾಗಿ ಈ ವೃತ್ತಿಯ ಬಂಡವಾಳ ಪ್ರತಿಭೆಗಿಂತ ಮೊದಲು ವೇದಿಕೆಯ ಸಮಯ. ಕನ್ನಡದಲ್ಲಿ ಅತ್ಯಂತ ಕಡಿಮೆ ಸಿಗುವುದೂ ಅದೇ.

ಓಪನ್ ಮೈಕ್ ಎಂದರೆ ಹೊಸಬರೂ ಹೆಸರು ಬರೆಸಿ ವೇದಿಕೆ ಏರಬಹುದಾದ ಕಾರ್ಯಕ್ರಮ. ಅದು ಹೇಗೆ ನಡೆಯುತ್ತದೆ ಎಂಬುದನ್ನು ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಒಂದು ಕೆಫೆಯ ಮಹಡಿ, ಪಬ್ಬಿನ ಒಂದು ಮೂಲೆ ಅಥವಾ ಪುಸ್ತಕದಂಗಡಿಯ ಒಳಕೋಣೆ. ಒಂದು ಸ್ಪೀಕರ್, ಒಂದು ಮೈಕ್, ಮೂವತ್ತು ನಲವತ್ತು ಕುರ್ಚಿ. ಆಯೋಜಕರ ವಾಟ್ಸ್ಯಾಪ್ ಗುಂಪಿನಲ್ಲೋ ಗೂಗಲ್ ಫಾರ್ಮ್‌ನಲ್ಲೋ ಮೊದಲೇ ಹೆಸರು ಬರೆಸಬೇಕು. ಲೈನ್‌ಅಪ್‌ನಲ್ಲಿ ಜಾಗ ಸಿಕ್ಕರೆ ಅದನ್ನು ಸ್ಪಾಟ್ ಎನ್ನುತ್ತಾರೆ. ಸಾಮಾನ್ಯವಾಗಿ ಒಬ್ಬರಿಗೆ ನಾಲ್ಕೈದು ನಿಮಿಷ. ಕೊನೆಯ ಒಂದು ನಿಮಿಷ ಉಳಿದಾಗ ಹಿಂದಿನ ಸಾಲಿನಿಂದ ಹೋಸ್ಟ್, ಅಂದರೆ ಕಾರ್ಯಕ್ರಮ ನಿರೂಪಿಸುವವರು, ಮೊಬೈಲಿನ ಟಾರ್ಚ್ ತೋರಿಸುತ್ತಾರೆ. ಆ ಬೆಳಕು ಕಂಡ ಮೇಲೆ ಎಷ್ಟೇ ನಗು ಬರುತ್ತಿದ್ದರೂ ಮುಗಿಸಿ ಇಳಿಯಬೇಕು, ಏಕೆಂದರೆ ನಮ್ಮ ನಂತರದವರ ಸಮಯವನ್ನು ತಿನ್ನುವ ಹಕ್ಕು ನಮಗಿಲ್ಲ. ಲೈಟ್ ದಾಟಿ ಮಾತನಾಡುವವರ ಹೆಸರು ಆಯೋಜಕರ ನೆನಪಿನಲ್ಲಿ ಬಹುಕಾಲ ಉಳಿಯುತ್ತದೆ ಎಂಬುದನ್ನು ಹೊಸಬರು ಮೊದಲ ದಿನವೇ ತಿಳಿದಿದ್ದರೆ ಒಳ್ಳೆಯದು. ಪ್ರೇಕ್ಷಕರಲ್ಲಿ ಅರ್ಧಕ್ಕರ್ಧ ತಮ್ಮ ಸರದಿಗಾಗಿ ಕಾಯುತ್ತಿರುವ ಕಲಾವಿದರೇ ಆಗಿರುತ್ತಾರೆ, ಅವರ ಕಣ್ಣು ತಮ್ಮ ಚೀಟಿಯ ಮೇಲಿರುತ್ತದೆ. ಅವರು ನಗಲಿಲ್ಲವೆಂದು ಜೋಕನ್ನು ಕೈಬಿಡಬಾರದು, ಗೆಳೆಯರು ನಕ್ಕರೆಂದು ಉಳಿಸಿಕೊಳ್ಳಲೂಬಾರದು.

ಬೆಂಗಳೂರಿನಲ್ಲಿ ಇಂಗ್ಲಿಷ್ ಮತ್ತು ಹಿಂದಿಯ ಓಪನ್ ಮೈಕ್‌ಗಳು ವಾರದ ಬಹುತೇಕ ಸಂಜೆಗಳಲ್ಲಿ ನಡೆಯುತ್ತವೆ. ಇಂದಿರಾನಗರ, ಕೋರಮಂಗಲದ ಕಡೆ ಓಡಾಡಲು ಸಿದ್ಧರಿರುವವರು ಒಂದೇ ಸಂಜೆ ಎರಡು ಸ್ಪಾಟ್ ಮಾಡುವುದೂ ಉಂಟು. ಅಲ್ಲಿ ಒಬ್ಬ ಕಲಾವಿದ ಸೋಮವಾರ ಎಡವಿದ ಜೋಕನ್ನು ಮಂಗಳವಾರ ತಿದ್ದಿ ಹೇಳಿ, ಬುಧವಾರ ಮತ್ತೆ ತಿದ್ದಬಲ್ಲ. ಕನ್ನಡದ ಓಪನ್ ಮೈಕ್‌ಗಳು ಅಷ್ಟು ಒತ್ತಾಗಿಲ್ಲ. ಎರಡು ಸ್ಪಾಟ್‌ಗಳ ನಡುವೆ ಹದಿನೈದು ದಿನ ಬಿದ್ದರೆ ಹಿಂದಿನ ಬಾರಿ ಯಾವ ಪದದ ಮೇಲೆ ನಿಂತಿದ್ದೆವು, ಎಲ್ಲಿ ಉಸಿರು ತೆಗೆದುಕೊಂಡಿದ್ದೆವು ಎಂಬುದೇ ಮರೆತುಹೋಗಿ, ಪ್ರತಿ ಸಲವೂ ಮೊದಲಿನಿಂದ ಆರಂಭಿಸಿದಂತಾಗುತ್ತದೆ. ಲೋಲ್‌ಬಾಗ್‌ನಂಥ ತಂಡಗಳು ಕನ್ನಡದಲ್ಲೇ ಸ್ಟ್ಯಾಂಡ್‌ಅಪ್ ಮಾಡಿ ಟಿಕೆಟ್ ಕೊಂಡು ಬರುವ ಪ್ರೇಕ್ಷಕರನ್ನು ಕಟ್ಟಿಕೊಂಡಿರುವುದನ್ನು ನಾನು ದೊಡ್ಡ ಸಾಧನೆಯೆಂದು ಎಣಿಸುವುದು ಈ ಕೊರತೆಯ ಹಿನ್ನೆಲೆಯಲ್ಲೇ.

ಹಾಗಾದರೆ ಹೊಸಬರು ಏನು ಮಾಡಬೇಕು? ಬಹುಭಾಷೆಯ ಓಪನ್ ಮೈಕ್‌ಗೆ ಹೋಗಿ ಕನ್ನಡದಲ್ಲೇ ಮಾತನಾಡಿ ಎಂಬುದು ನನ್ನ ಸಲಹೆ. ಅರ್ಧ ಕೋಣೆಗೆ ಅರ್ಥವಾಗುವುದಿಲ್ಲ, ನಿಜ. ಆದರೆ ಅರ್ಥವಾಗುವ ಅರ್ಧ ಕೋಣೆಯ ನಗು ಸಾಕಷ್ಟು ಪಾಠ ಕಲಿಸುತ್ತದೆ, ಮತ್ತು ಅರ್ಥವಾಗದವರು ಮುಖ, ದನಿ, ಕೈಗಳಿಗೆ ಎಲ್ಲಿ ಪ್ರತಿಕ್ರಿಯಿಸಿದರು ಎಂಬುದು ನಮ್ಮ ಅಭಿನಯದ ಬಗ್ಗೆ ಬೇರಾರೂ ಹೇಳದ ಸಂಗತಿಯನ್ನು ಹೇಳುತ್ತದೆ. ಜೋಕನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಆಮೇಲೆ ಕನ್ನಡಕ್ಕೆ ತರುತ್ತೇನೆ ಎನ್ನುವವರನ್ನು ನಾನು ನೋಡಿದ್ದೇನೆ. ವಿಷಯವೇನೋ ಹಾಗೆ ದಾಟಿ ಬರುತ್ತದೆ. ನಗು ದಾಟಿ ಬರುವುದು ಕಡಿಮೆ, ಏಕೆಂದರೆ ನಗು ಕುಳಿತಿರುವುದು ಪದಗಳ ಕ್ರಮದಲ್ಲಿ.

ಈ ಕ್ರಮದ ಬಗ್ಗೆ ತುಸು ನಿಧಾನವಾಗಿಯೇ ಬರೆಯುತ್ತೇನೆ, ಏಕೆಂದರೆ ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಮಾಡುವವರು ಪರಸ್ಪರ ಹೆಚ್ಚು ಚರ್ಚಿಸಬೇಕಾದ ವಿಷಯ ಇದೇ ಎಂದು ನನಗನ್ನಿಸುತ್ತದೆ. ಜೋಕಿನಲ್ಲಿ ಗುಟ್ಟು ಬಿಡಿಸುವ ಪದ ಆದಷ್ಟು ಕೊನೆಯಲ್ಲಿ ಬರಬೇಕು. ಅದರ ನಂತರ ಇನ್ನೊಂದು ಪದ ಬಂದರೂ ನಗುವ ಬಾಯಿಯನ್ನು ಮುಚ್ಚಿಸಿದಂತಾಗುತ್ತದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಯಾರೋ ಆಡಿದ ಮಾತನ್ನು ವರದಿ ಮಾಡುವಾಗಲಂತೂ ‘ಅಂತ ಹೇಳಿದರು’, ‘ಅಂತ ಕೇಳಿದರು’ ಎಂಬ ಬಾಲ ತಾನಾಗಿಯೇ ಸೇರಿಕೊಳ್ಳುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಅಪ್ಪನಿಗೆ ಹೆಜ್ಜೆ ಎಣಿಸುವ ವಾಚು ಕೊಡಿಸಿದ ಪ್ರಸಂಗ. ಬರೆದುಕೊಂಡ ಮೊದಲ ರೂಪ ಹೀಗಿತ್ತು: ‘ಅಪ್ಪ ಪಾರ್ಕಿನಿಂದ ಫೋನ್ ಮಾಡಿ, ಹತ್ತು ಸಾವಿರ ಹೆಜ್ಜೆ ಮುಗಿದುಹೋಗಿದೆ, ಈಗ ಮನೆಗೆ ಬರುವುದಕ್ಕೆ ರೀಚಾರ್ಜ್ ಮಾಡಿಸಬೇಕಾ ಅಂತ ಕೇಳಿದರು.’ ವಾಕ್ಯ ವ್ಯಾಕರಣಶುದ್ಧವಾಗಿದೆ. ಆದರೆ ‘ರೀಚಾರ್ಜ್’ ಎಂದಾಗ ಏಳಬೇಕಾದ ನಗು ‘ಮಾಡಿಸಬೇಕಾ ಅಂತ ಕೇಳಿದರು’ ಮುಗಿಯುವವರೆಗೆ ಕಾದು ತಣ್ಣಗಾಗುತ್ತದೆ. ವೇದಿಕೆಯ ಮೇಲೆ ಅದು ಬದಲಾದ ಬಗೆ ಹೀಗೆ: ‘ಪಾರ್ಕಿಂದ ಅಪ್ಪನ ಫೋನು. ಹತ್ತು ಸಾವಿರ ಮುಗೀತು ಕಣೋ. ಮನೆಗೆ ಬರೋಕೆ ಏನ್ಮಾಡ್ಲಿ, ರೀಚಾರ್ಜಾ?’ ಹೇಳಿದವರು ಯಾರು ಎಂಬುದು ಮುಂದಕ್ಕೆ ಬಂತು, ವರದಿಯ ಬಾಲ ಹೋಯಿತು, ಅಪ್ಪನ ದನಿ ಬಂತು, ಕೊನೆಯ ಪದ ಕೊನೆಯಲ್ಲೇ ನಿಂತಿತು.

ಅದಕ್ಕೊಂದು ಟ್ಯಾಗ್ ಕೂಡ ವೇದಿಕೆಯ ಮೇಲೆಯೇ ಹುಟ್ಟಿತು. ಟ್ಯಾಗ್ ಎಂದರೆ ಹೊಸ ಪ್ರಸಂಗ ಕಟ್ಟದೆ ಅದೇ ಜೋಕಿನ ಮೇಲೆ ಇನ್ನೊಂದು ನಗು ಎಬ್ಬಿಸುವ ಸಾಲು. ಜನ ನಗುತ್ತಿರುವಾಗ ಅಮ್ಮನ ದನಿಯಲ್ಲಿ, ‘ಅಲ್ಲೇ ಇರಿ, ನನ್ನದ್ರಲ್ಲಿ ಐನೂರು ಉಳಿದಿದೆ, ಕಳಿಸ್ತೀನಿ’ ಎಂಬ ಮಾತು ಬಾಯಿಗೆ ಬಂತು. ಮೇಜಿನ ಮುಂದೆ ಕುಳಿತು ಎಷ್ಟು ತಿದ್ದಿದ್ದರೂ ಆ ಸಾಲು ನನಗೆ ಸಿಗುತ್ತಿರಲಿಲ್ಲ. ಎದುರಿಗಿದ್ದವರ ನಗು ಇನ್ನೂ ಸ್ವಲ್ಪ ಜಾಗ ಇದೆ ಎಂದು ತೋರಿಸಿದ್ದರಿಂದ ಸಿಕ್ಕಿತು.

ಆದ್ದರಿಂದ ಪ್ರತಿ ಸ್ಪಾಟನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಮತ್ತು ಅದನ್ನು ಮರುದಿನ ಪೂರ್ತಿಯಾಗಿ ಕೇಳುವುದು ನನ್ನ ದೃಷ್ಟಿಯಲ್ಲಿ ಕಡ್ಡಾಯ. ನಮ್ಮದೇ ದನಿ ಕೇಳುವುದು ಹಿಂಸೆಯೆನಿಸಿದರೂ ಕೇಳಲೇಬೇಕು. ನಗು ಎಲ್ಲಿ ಬಂತು, ಎಷ್ಟು ಹೊತ್ತು ನಿಂತಿತು, ಅದನ್ನು ನಾವೇ ಮಧ್ಯದಲ್ಲಿ ಮಾತಾಡಿ ತುಳಿದೆವೇ, ಪೀಠಿಕೆಯಲ್ಲಿ ಯಾವ ವಾಕ್ಯ ತೆಗೆದರೂ ನಷ್ಟವಿಲ್ಲ ಎಂಬುದನ್ನು ಗುರುತು ಹಾಕಿಕೊಂಡರೆ ಐದು ನಿಮಿಷದ ಸೆಟ್, ಅಂದರೆ ಒಂದು ಸಲ ವೇದಿಕೆ ಏರಿದಾಗ ಹೇಳುವ ಜೋಕುಗಳ ಕಟ್ಟು, ಮೂರು ನಿಮಿಷಕ್ಕೆ ಇಳಿಯುತ್ತದೆ. ಉಳಿದ ಎರಡು ನಿಮಿಷಕ್ಕೆ ಹೊಸದನ್ನು ಬರೆಯಬೇಕು. ಹೆಸರು ಮಾಡಿದವರೂ ಈ ಕೆಲಸಕ್ಕೆ ಹೊರತಲ್ಲ. ಅಮೆರಿಕದ ಕ್ರಿಸ್ ರಾಕ್ ದೊಡ್ಡ ಪ್ರವಾಸಕ್ಕೆ ಹೊರಡುವ ಮುನ್ನ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನ ಸಣ್ಣ ಕ್ಲಬ್ಬಿಗೆ ಟಿಪ್ಪಣಿಯ ಹಾಳೆಗಳನ್ನು ಹಿಡಿದುಕೊಂಡು ಹೋಗಿ, ಅರೆಬೆಂದ ಜೋಕುಗಳನ್ನು ಒಂದೊಂದಾಗಿ ಹೇಳಿ ನೋಡುತ್ತಿದ್ದುದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಸಂಗತಿ. ಅಲ್ಲಿ ಬಹಳಷ್ಟು ಜೋಕುಗಳು ಬೀಳುತ್ತಿದ್ದವು. ಉಳಿದವು ಮಾತ್ರ ದೊಡ್ಡ ಸಭಾಂಗಣ ಕಾಣುತ್ತಿದ್ದವು.

ಕನ್ನಡದ ಓಪನ್ ಮೈಕ್‌ಗಳಲ್ಲಿ ನನ್ನನ್ನು ಕಾಡುವ ಒಂದು ವಿಷಯವಿದೆ. ಆಟೊ ಚಾಲಕರ ಜಗಳ, ಸಿಲ್ಕ್ ಬೋರ್ಡಿನ ಟ್ರಾಫಿಕ್, ಕನ್ನಡ ಕಲಿಯದ ಟೆಕ್ಕಿ: ಈ ಮೂರರ ಸುತ್ತ ಎಷ್ಟೊಂದು ಸೆಟ್‌ಗಳು ತಿರುಗುತ್ತವೆ! ಇವುಗಳ ಬಗ್ಗೆ ಮಾತನಾಡಬಾರದು ಎಂದಲ್ಲ. ನಮ್ಮ ದಿನನಿತ್ಯದ ಬದುಕೇ ಅದು. ಆದರೆ ಭಾಷಾಭಿಮಾನದ ಸಾಲೊಂದನ್ನು ಗಟ್ಟಿಯಾಗಿ ಹೇಳಿದಾಗ ಬರುವುದು ಚಪ್ಪಾಳೆ, ಮತ್ತು ಹೊಸಬರು ಆ ಚಪ್ಪಾಳೆಯನ್ನು ನಗುವೆಂದು ಎಣಿಸಿ ಅದರ ಮೇಲೆಯೇ ಇಡೀ ಸೆಟ್ ಕಟ್ಟಿಬಿಡುತ್ತಾರೆ. ಚಪ್ಪಾಳೆ ಹೊಡೆಯುವವರು ಯೋಚಿಸಿ ಹೊಡೆಯುತ್ತಾರೆ, ಒಪ್ಪಿಗೆ ಸೂಚಿಸುತ್ತಾರೆ. ನಗು ಯೋಚನೆಗೆ ಮೊದಲೇ ಬಂದುಬಿಡುತ್ತದೆ. ರೆಕಾರ್ಡಿಂಗ್ ಕೇಳುವಾಗ ಇವೆರಡನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ. ನಿಮ್ಮ ಊರಿನ ಸೊಸೈಟಿಯ ವಾರ್ಷಿಕ ಸಭೆ, ನಿಮ್ಮ ಅತ್ತೆಯ ವ್ರತ, ಹಾಸ್ಟೆಲಿನ ಮುದ್ದೆ, ತಾಲ್ಲೂಕು ಕಚೇರಿಯ ಸರತಿ: ಇವುಗಳ ಮೇಲೆ ಇನ್ನೂ ಯಾರೂ ಕೈಯಿಡದ ಎಷ್ಟೋ ನಿಮಿಷಗಳು ಬಿದ್ದಿವೆ.

ನಮಗಿಂತ ಹಿಂದಿನವರ ಕಡೆಗೆ ತಿರುಗಬೇಕಾದ ಜಾಗ ಇದು. ಸ್ಟ್ಯಾಂಡ್‌ಅಪ್ ಎಂಬುದು ಕನ್ನಡಕ್ಕೆ ಹೊಸತೆಂದು ನಮ್ಮ ಪೀಳಿಗೆಯ ಹಲವರು ನಂಬಿರುವುದು ನನಗೆ ಬೇಸರ ತರಿಸುತ್ತದೆ. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ರಿಚರ್ಡ್ ಲೂಯಿಸ್, ಸುಧಾ ಬರಗೂರು, ಇಂದುಮತಿ ಸಾಲಿಮಠ ಇವರೆಲ್ಲ ಹಾಸ್ಯಸಂಜೆ, ನಗೆಹಬ್ಬಗಳ ವೇದಿಕೆಯಲ್ಲಿ ಬರೀ ಮಾತಿನಿಂದಲೇ ಸಾವಿರಾರು ಜನರನ್ನು ಹಿಡಿದು ಕೂರಿಸಿದವರು. ಪ್ರಾಣೇಶ್ ಅವರ ಮಾತು ಯೂಟ್ಯೂಬ್ ಬರುವುದಕ್ಕೆ ಬಹಳ ಮೊದಲೇ ಕ್ಯಾಸೆಟ್ಟು, ಸಿಡಿಗಳಲ್ಲಿ ಮನೆಮನೆ ತಲುಪಿತ್ತು, ಅದೂ ಕೊಪ್ಪಳ ಸೀಮೆಯ ಕನ್ನಡವನ್ನು ಬೆಂಗಳೂರಿಗಾಗಿ ಒಂದಿಷ್ಟೂ ಸವರದೆ. ಅವರ ರೂಪ ಬೇರೆ, ಒಪ್ಪುತ್ತೇನೆ: ಅಲ್ಲಿ ಪ್ರಸಂಗಗಳು ಉದ್ದ, ನಡುವೆ ಕವಿತೆಯ ಸಾಲು, ಗಾದೆ, ಕೊನೆಗೊಂದು ಹಿತವಚನ; ಓಪನ್ ಮೈಕ್‌ನ ಸೆಟ್‌ನಲ್ಲಾದರೋ ‘ನಾನು’ ನಡುವೆ ನಿಂತಿರುತ್ತದೆ, ನಗು ನಗುವಿನ ನಡುವೆ ಅಂತರ ಕಡಿಮೆ. ಆದರೆ ಅಜ್ಜಿಯೂ ಮೊಮ್ಮಗಳೂ ಒಂದೇ ಸಾಲಿನಲ್ಲಿ ಕುಳಿತಿರುವಾಗ ಇಬ್ಬರನ್ನೂ ಬಿಟ್ಟುಕೊಡದೆ ಗಂಟೆಗಟ್ಟಲೆ ನಡೆಸಿಕೊಂಡು ಹೋಗುವ ಉಸಿರು ಅವರಲ್ಲಿದೆ. ಕೆಫೆಯ ನಲವತ್ತು ಕುರ್ಚಿಗಳ ಮುಂದೆ ಬೆಳೆದವರಿಗೆ ಆ ಉಸಿರು ಇರುವುದಿಲ್ಲ. ಕರಾವಳಿಯವರು ಯಕ್ಷಗಾನದ ಹಾಸ್ಯಗಾರರನ್ನು ನೋಡಿ ಬೆಳೆದಿರುತ್ತಾರೆ; ಬರೆದಿಡದ ಮಾತನ್ನು ಆ ಕ್ಷಣದಲ್ಲೇ ಹೊಸೆದು ಎದುರು ಪಾತ್ರದ ಮಾತಿಗೆ ಕೊಂಡಿ ಹಾಕುವ ಅವರ ಚಾತುರ್ಯವನ್ನು ಗಮನಿಸಿದವರಿಗೆ ಪ್ರೇಕ್ಷಕರೊಂದಿಗೆ ನೇರ ಮಾತಿಗಿಳಿಯುವ ಕ್ರೌಡ್ ವರ್ಕ್ ಪರಕೀಯವೆನಿಸುವುದಿಲ್ಲ.

ಓಪನ್ ಮೈಕ್ ಸಾಲದಿದ್ದಾಗ ವೇದಿಕೆ ಎಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ಬಡಾವಣೆಯ ಗಣೇಶೋತ್ಸವ, ಅಪಾರ್ಟ್‌ಮೆಂಟಿನ ಯುಗಾದಿ, ಕಾಲೇಜಿನ ಕನ್ನಡ ಸಂಘ, ಇವೆಲ್ಲ ನಮಗೆ ವೇದಿಕೆಗಳು. ಪೆಂಡಾಲಿನಲ್ಲಿ ಮೈಕ್ ಕೀರಲುತ್ತದೆ, ಮಕ್ಕಳು ವೇದಿಕೆಯ ಮುಂದೆಯೇ ಓಡುತ್ತಾರೆ, ಪ್ರಸಾದದ ಸಾಲು ಶುರುವಾದರೆ ಅರ್ಧ ಜನ ಏಳುತ್ತಾರೆ, ನಿಮ್ಮ ಸರದಿಗೆ ಮುಂಚೆ ಸನ್ಮಾನ ನಡೆಯುತ್ತದೆ. ಹೊರಗಿನ ಬಯಲಿನಲ್ಲಿ ನಗು ಚದುರಿಹೋಗಿ ನಮ್ಮ ಕಿವಿಗೆ ತಡವಾಗಿ ತಲುಪುವುದರಿಂದ ಮಾತಿನ ನಡುವೆ ಹೆಚ್ಚು ಬಿಡುವು ಕೊಡಬೇಕಾಗುತ್ತದೆ, ಪೀಠಿಕೆ ಚಿಕ್ಕದಾಗಬೇಕಾಗುತ್ತದೆ, ಬೈಗುಳದ ಮೇಲೆ ನಿಂತ ಜೋಕು ತಾನಾಗಿ ಉದುರುತ್ತದೆ. ಅಲ್ಲಿ ನಿಂತ ಸೆಟ್ ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂದು ನಾನು ಪೂರ್ಣ ವಿಶ್ವಾಸದಿಂದ ಹೇಳಬಲ್ಲೆ.

ನವೆಂಬರ್ ತಿಂಗಳಂತೂ ನಮ್ಮ ಪಾಲಿಗೆ ಸುಗ್ಗಿ. ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯದೆ ತಿಂಗಳಿಡೀ ಕಂಪನಿಗಳ, ಬ್ಯಾಂಕುಗಳ, ಕಾರ್ಖಾನೆಗಳ ಕನ್ನಡ ಬಳಗಗಳಲ್ಲಿ ನಡೆಯುತ್ತದೆ, ಅಲ್ಲಿ ಹಾಡು ನೃತ್ಯಗಳ ಜೊತೆ ಅರ್ಧ ಗಂಟೆಯ ಹಾಸ್ಯಕ್ಕೆ ಜಾಗವಿರುತ್ತದೆ, ಅದಕ್ಕೆ ಸಂಭಾವನೆಯೂ ಇರುತ್ತದೆ. ಈ ಕಾರ್ಯಕ್ರಮಗಳನ್ನು ಕಲೆಯಲ್ಲವೆಂದು ಮೂಗು ಮುರಿಯುವವರ ಜೊತೆ ನನಗೆ ಸಹಮತವಿಲ್ಲ. ಕಲಾವಿದರಲ್ಲಿ ಬಹುಪಾಲು ಜನ ಮನೆ ಬಾಡಿಗೆ ಕಟ್ಟುವುದು ಇಂಥ ಕಾರ್ಯಕ್ರಮಗಳಿಂದ. ಟಿಕೆಟ್ ಪ್ರದರ್ಶನದಿಂದಲೇ ಬದುಕುವ ಹಂತ ಬಹಳ ತಡವಾಗಿ ಬರುತ್ತದೆ. ಇನ್ನೂ ಮುಂದಕ್ಕೆ ಹೋದರೆ, ಎರಡು ವರ್ಷಕ್ಕೊಮ್ಮೆ ಅಮೆರಿಕದಲ್ಲಿ ನಡೆಯುವ ಅಲ್ಲಿನ ಕನ್ನಡಿಗರ ‘ಅಕ್ಕ’ ಮತ್ತು ‘ನಾವಿಕ’ ಸಮ್ಮೇಳನಗಳು, ಕೊಲ್ಲಿ ರಾಷ್ಟ್ರಗಳ, ಮುಂಬಯಿಯ ಕನ್ನಡ ಸಂಘಗಳು ಇವೆ. ಹಾಸ್ಯೋತ್ಸವದ ಹಿರಿಯರು ಈ ದಾರಿಯನ್ನು ನಮಗಿಂತ ಮೊದಲೇ ಸವೆಸಿದ್ದಾರೆ.

ಹಣದ ಮಾತು ಬಂತು, ಅದನ್ನು ಸ್ಪಷ್ಟವಾಗಿಯೇ ಆಡೋಣ. ಓಪನ್ ಮೈಕ್‌ನಲ್ಲಿ ಹಣ ಸಿಗುವುದಿಲ್ಲ, ಕೇಳಲೂಬಾರದು. ಅಲ್ಲಿ ನಾವು ಅಭ್ಯಾಸಕ್ಕೆ ಬಂದವರು. ಆದರೆ ನಿಮ್ಮ ಹೆಸರು ಪೋಸ್ಟರಿನ ಮೇಲಿದ್ದು, ಜನ ಟಿಕೆಟ್ ಕೊಂಡು ಬಂದಿದ್ದರೆ, ಹತ್ತು ನಿಮಿಷಕ್ಕಾದರೂ ಸಂಭಾವನೆ ಕೊಡಬೇಕು. 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಕಾಮಿಡಿ ಸ್ಟೋರ್ ಎಂಬ ಕ್ಲಬ್ಬು ಕಲಾವಿದರಿಗೆ ಏನೂ ಕೊಡುತ್ತಿರಲಿಲ್ಲ, ಇದು ಕಲಿಯುವ ಜಾಗ ಎಂಬುದು ಅದರ ಒಡತಿ ಮಿಟ್ಜಿ ಶೋರ್ ಅವರ ವಾದವಾಗಿತ್ತು. 1979ರಲ್ಲಿ ಕಲಾವಿದರು ಸುಮಾರು ಆರು ವಾರ ಮುಷ್ಕರ ಹೂಡಿದ ಮೇಲೆ ಒಂದು ಸೆಟ್‌ಗೆ 25 ಡಾಲರ್ ನಿಗದಿಯಾಯಿತು. ಕಲಿಯುವ ಜಾಗ ಮತ್ತು ದುಡಿಯುವ ಜಾಗದ ನಡುವೆ ಗೆರೆ ಎಲ್ಲಿ ಎಂಬ ಅದೇ ತಕರಾರು ನಮ್ಮಲ್ಲಿ ಇಂದಿಗೂ ಬಗೆಹರಿದಿಲ್ಲ. ‘ಎಕ್ಸ್‌ಪೋಶರ್ ಸಿಗುತ್ತದೆ’ ಎಂದು ಕರೆಯುವವರಿಗೆ ಟಿಕೆಟ್ ದರ ಎಷ್ಟೆಂದು ವಿನಯದಿಂದಲೇ ಕೇಳಿ. ಕಂಪನಿಯ ಕಾರ್ಯಕ್ರಮವಾದರೆ ಸಮಯ, ಮೊತ್ತ, ಮುಂಗಡ, ಯಾವ ವಿಷಯ ಬೇಡ ಎಂಬುದೆಲ್ಲ ಈಮೇಲಿನಲ್ಲಿ ಬರಹಕ್ಕಿಳಿದಿರಲಿ.

ಐದು ನಿಮಿಷದಿಂದ ಮುಂದಿನ ಮೆಟ್ಟಿಲುಗಳು ಬಹುತೇಕ ಎಲ್ಲರಿಗೂ ಒಂದೇ: ಹತ್ತು ನಿಮಿಷದ ಸ್ಪಾಟ್, ಹಿರಿಯರ ಪ್ರದರ್ಶನಕ್ಕೆ ಓಪನಿಂಗ್, ಇಬ್ಬರು ಸೇರಿ ಅರ್ಧರ್ಧ ಗಂಟೆ, ಕಡಿಮೆ ಟಿಕೆಟ್ ದರದ ಟ್ರಯಲ್ ಶೋ, ಆಮೇಲೆ ಒಂದು ಗಂಟೆಯ ಸೋಲೊ. ಇವುಗಳ ನಡುವೆ ಹೋಸ್ಟ್ ಕೆಲಸವನ್ನು ಬಿಡಬೇಡಿ. ಕೋಣೆಯನ್ನು ಬೆಚ್ಚಗಿಡುವುದು, ಬಿದ್ದವರ ನಂತರ ಜನರನ್ನು ಮತ್ತೆ ಎಬ್ಬಿಸುವುದು, ಮುಂದಿನವರ ಹೆಸರನ್ನು ಸರಿಯಾಗಿ ಉಚ್ಚರಿಸುವುದು, ಇದೆಲ್ಲ ಹೋಸ್ಟ್ ಪಾಲಿನದು. ಜೊತೆಗೆ ಎಲ್ಲರಿಗಿಂತ ಹೆಚ್ಚು ನಿಮಿಷ ಮೈಕ್ ಸಿಗುವುದೂ ಅವರಿಗೇ. ವಿಡಿಯೊ ವಿಷಯದಲ್ಲಿ ಮಾತ್ರ ಅವಸರ ಬೇಡ. ಒಂದು ಜೋಕು ಯೂಟ್ಯೂಬಿಗೆ ಹೋದ ಮೇಲೆ ಟಿಕೆಟ್ ಕೊಂಡವರ ಮುಂದೆ ಅದು ಹಳತು. ಅದಕ್ಕೇ ಈಗ ಹಲವರು ಬರೆದ ಜೋಕುಗಳನ್ನು ಸೋಲೊಗೆಂದು ಉಳಿಸಿಕೊಂಡು, ಆ ದಿನ ಆ ಜನರ ಜೊತೆ ಹುಟ್ಟಿದ ಕ್ರೌಡ್ ವರ್ಕ್ ತುಣುಕುಗಳನ್ನು ರೀಲ್ಸ್‌ಗೆ ಹಾಕುತ್ತಾರೆ. ಇದಕ್ಕೆ ತಿರುಗುಮುರುಗಾದ ದಾರಿಯೂ ಇದೆ; ‘ಅಯ್ಯೋ ಶ್ರದ್ಧಾ’ ಎಂದೇ ಹೆಸರಾದ ಶ್ರದ್ಧಾ ಜೈನ್ ರೇಡಿಯೊದಿಂದ ವಿಡಿಯೊಗೆ, ವಿಡಿಯೊದಿಂದ ತುಂಬಿದ ಸಭಾಂಗಣಗಳಿಗೆ ಬಂದವರು. ಆದರೆ ಅವರ ಹಿಂದೆ ರೇಡಿಯೊ ಮೈಕ್ ಮುಂದೆ ಕಳೆದ ವರ್ಷಗಳಿವೆ ಎಂಬುದನ್ನು ಮರೆಯಬಾರದು.

ವಿಡಿಯೊದ ಜೊತೆಗೆ ಬರುವ ಅಪಾಯವನ್ನೂ ಹೇಳಬೇಕು. 2021ರ ಜನವರಿ 1ರಂದು ಇಂದೋರ್‌ನಲ್ಲಿ ಬಂಧಿತರಾದ ಸ್ಟ್ಯಾಂಡ್‌ಅಪ್ ಕಲಾವಿದ ಮುನಾವರ್ ಫಾರೂಕಿ, ಫೆಬ್ರುವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ನೀಡುವವರೆಗೆ ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಪ್ರದರ್ಶನವೂ ಪೊಲೀಸರ ಸೂಚನೆಯ ನಂತರ ರದ್ದಾಯಿತು. ಅವರ ಮೇಲೆ ಹಾಕಿದ್ದ, ಧಾರ್ಮಿಕ ಭಾವನೆಗೆ ಧಕ್ಕೆ ತರುವುದಕ್ಕೆ ಸಂಬಂಧಿಸಿದ ಭಾರತೀಯ ದಂಡ ಸಂಹಿತೆಯ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿ ಮುಂದುವರಿದಿದೆ. ಇದನ್ನು ಹೇಳುತ್ತಿರುವುದು ಯಾರನ್ನೂ ಹೆದರಿಸುವುದಕ್ಕಲ್ಲ. ಕೋಣೆಯೊಳಗೆ ಸಂದರ್ಭಸಹಿತ ನಕ್ಕ ಮಾತು ಇಪ್ಪತ್ತು ಸೆಕೆಂಡಿನ ತುಣುಕಾಗಿ ಹೊರಗೆ ಹೋದಾಗ ಬೇರೆಯದೇ ಅರ್ಥ ಪಡೆಯಬಹುದು. ಏನನ್ನು ಹೇಳುತ್ತೀರೋ ಅದರ ಪ್ರತಿ ಪದಕ್ಕೂ ಹೊಣೆ ಹೊರಬಲ್ಲೆನೆಂಬ ಧೈರ್ಯದಿಂದ ಹೇಳಿ.

ಇನ್ನೊಂದು ಸಂಗತಿಯನ್ನು ಆಯೋಜಕರು ಗಮನಿಸಬೇಕು. ರಾತ್ರಿ ಒಂಬತ್ತಕ್ಕೆ ಪಬ್ಬಿನಲ್ಲಿ ಆರಂಭವಾಗುವ ಓಪನ್ ಮೈಕ್‌ಗೆ ರಾಜಾಜಿನಗರದಿಂದಲೋ ಕೆಂಗೇರಿಯಿಂದಲೋ ಬರುವ ಹುಡುಗಿ ಹನ್ನೊಂದಕ್ಕೆ ಮನೆಗೆ ಹೇಗೆ ಮರಳಬೇಕು? ಕನ್ನಡ ಮಾತನಾಡುವ ಕುಟುಂಬಗಳು ಹೆಚ್ಚಾಗಿರುವ ಬಸವನಗುಡಿ, ಮಲ್ಲೇಶ್ವರ, ವಿಜಯನಗರಗಳಲ್ಲಿ ಭಾನುವಾರ ಸಂಜೆ ಐದಕ್ಕೆ ಮೈಕ್ ಇಟ್ಟರೆ ಕಲಾವಿದೆಯರೂ ಹೆಚ್ಚುತ್ತಾರೆ, ಕಲಾವಿದರಲ್ಲದ ನಿಜವಾದ ಪ್ರೇಕ್ಷಕರೂ ಬರುತ್ತಾರೆ.

ಬೆಂಗಳೂರಿನ ಹೊರಗೆ ಕನ್ನಡ ಸ್ಟ್ಯಾಂಡ್‌ಅಪ್ ಬೇರೂರಲು ಬೇಕಾಗಿರುವುದೂ ಇಷ್ಟೇ ಸರಳವಾದದ್ದು: ನಲವತ್ತು ಜನ ಕೂರುವ ಒಂದು ಕೋಣೆ, ಒಂದು ಮೈಕ್, ಒಂದು ಸ್ಪೀಕರ್, ಮತ್ತು ಎಂಟೇ ಜನ ಬಂದಿದ್ದರೂ ಮುಂದಿನ ವಾರ ಅದೇ ದಿನ ಅದೇ ಸಮಯಕ್ಕೆ ಬಾಗಿಲು ತೆರೆಯುವ ಒಬ್ಬ ಹೋಸ್ಟ್. ಧಾರವಾಡದ ಕನ್ನಡದಲ್ಲಿ ಧಾರವಾಡದವರ ಮುಂದೆ ಹದಗೊಂಡ ಸೆಟ್, ಮಂಗಳೂರಿನವರು ಮಂಗಳೂರಿನಲ್ಲಿ ತಿದ್ದಿದ ಸೆಟ್, ಕಲಬುರಗಿಯ ಓಣಿಯಿಂದ ಎದ್ದ ಸೆಟ್ ಇವು ಬೆಂಗಳೂರಿಗೆ ಬರುವ ದಿನವನ್ನು ನಾನು ಕಾಯುತ್ತಿದ್ದೇನೆ. ನಿಮ್ಮ ಊರಿನಲ್ಲಿ ಯಾರಾದರೂ ಇಂಥದ್ದೊಂದನ್ನು ಆರಂಭಿಸಿದರೆ ನನಗೆ ತಿಳಿಸಿ. ನನ್ನ ಖರ್ಚಿನಲ್ಲೇ ಬಸ್ ಹತ್ತಿ ಬಂದು, ಉಳಿದವರಂತೆ ಹೆಸರು ಬರೆಸಿ, ಇನ್ನೂ ಎಲ್ಲೂ ಹೇಳದ ಐದು ನಿಮಿಷವನ್ನು ಮೊದಲು ನಿಮ್ಮಲ್ಲೇ ಹೇಳುತ್ತೇನೆ.